ಮುಗಿಸಪ್ಪನ ಸಹಿ

ಅವರ ಕಾದಂಬರಿ ಅಚ್ಚಿಗೆ ಬಂತೆಂದರೆ ನಮ್ಮ ಪ್ರೆಸ್ಸಿನ ಗೋಡೆಯ ಹಲ್ಲಿಗಳೂ ಬೇರೆ ಮನೆ ಹುಡುಕುತ್ತಿದ್ದವು. ಅಚ್ಚಿನ ಮೊಳೆ ಜೋಡಿಸುವವನಾದ ನಾನು ಈ ಎರಡೇ ಕೈಗಳಿಂದ ಅವರ ಒಂಬತ್ತು ನಾಯಕರನ್ನು ಕೊಂದಿದ್ದೇನೆ. ಒಂದು ಪುಸ್ತಕದಲ್ಲಂತೂ ಊರಿಗೆ ಊರೇ ಸತ್ತು, ಕೊನೆಗೆ ಬದುಕುಳಿದದ್ದು ಪುಟಸಂಖ್ಯೆ ಮಾತ್ರ. ಬೆನ್ನ ಹಿಂದೆ ಅವರನ್ನು ಮುಗಿಸಪ್ಪ ಎನ್ನುತ್ತಿದ್ದೆವು.

ಅವರಿಗೊಂದು ಚಾಳಿ ಇತ್ತು. ಕೊನೆಯ ಅಧ್ಯಾಯವನ್ನೇ ಮೊದಲು ಬರೆದು ತರುತ್ತಿದ್ದರು. ಮನುಷ್ಯ ಈ ತಿಂಗಳು ಸಾಯುವುದು, ಮುಂದಿನ ತಿಂಗಳು ಹುಟ್ಟುವುದು. ಯಾಕೆಂದು ಕೇಳಿದರೆ, ಸೈನ್ಯದಲ್ಲಿ ಅಂಟಿದ ಅಭ್ಯಾಸ ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅದೇನೆಂದು ತಿಳಿದದ್ದು ಗೇಟಿನಣ್ಣನಿಂದ. ಅವನು ನಮ್ಮ ಹೊಸ ಕಾವಲುಗಾರ. ಬಿಳಿಯರ ಯುದ್ಧದಲ್ಲಿ ಎಡಗಾಲು ಹೋಗಿತ್ತು. ಹೆಣಗಳ ನಡುವೆ ಬಿದ್ದಿದ್ದವನನ್ನು ಶತ್ರುಗಳ ಡಾಕ್ಟರೇ ಎತ್ತಿಕೊಂಡು ಹೋಗಿ, ಕೊಳೆತ ಕಾಲು ಕತ್ತರಿಸಿ, ಮರದ್ದೊಂದು ಕಟ್ಟಿ ಕಳಿಸಿದ್ದ. ಈಗ ಆ ಮರದ ಕಾಲು ಉದ್ದಕ್ಕೂ ಸೀಳು ಬಿಟ್ಟಿತ್ತು. ಅವನು ಗೇಟಿನಿಂದ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ನಾನು ಒಂದು ಮಹಾಕಾವ್ಯ ಜೋಡಿಸಿ ಮುಗಿಸಬಹುದಿತ್ತು. ಸೈನಿಕರ ಆಸ್ಪತ್ರೆಯಲ್ಲಿ ಹೊಸ ಕಾಲು ಕೊಡುತ್ತಿದ್ದರು, ಆದರೆ ಬದುಕಿರುವ ಸೈನಿಕರಿಗೆ. ಇವನು ಅವರ ಕಡತದಲ್ಲಿ ಸತ್ತು ಇಪ್ಪತ್ತೆರಡು ವರ್ಷವಾಗಿತ್ತು.

ಸತ್ತದ್ದಕ್ಕೆ ಸಾಕ್ಷಿ ಅವನ ಹತ್ತಿರವೇ ಇತ್ತು. ಅಂದು ಯುದ್ಧಭೂಮಿಯಲ್ಲಿ ಯಾರೋ ತನ್ನ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ಮೇಣಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದ. ಒಮ್ಮೆ ನನಗೆ ತೋರಿಸಿದ. ಆ ಕೈಬರಹ ಓದಿ ಓದಿ ನನ್ನ ಕಣ್ಣು ಅರ್ಧ ಹೋಗಿತ್ತು. ಗುರುತು ಸಿಗದೆ ಇರುತ್ತದೆಯೇ?

ಚೀಟಿಯನ್ನು ಮುಗಿಸಪ್ಪನವರಿಗೆ ತೋರಿಸಿದೆವು. ಅವರು ಕನ್ನಡಕ ಒರೆಸಿಕೊಂಡು ಓದಿದರು. ಆಮೇಲೆ ನಿಧಾನವಾಗಿ ಹೇಳಿದರು: ಗಾಡಿಗಳಿದ್ದದ್ದು ಬಿಳಿಯರಿಗೆ. ಗಾಯಗೊಂಡ ನಮ್ಮವರನ್ನು ಹೊತ್ತುಕೊಂಡೇ ಹೋಗಬೇಕು, ಆಸ್ಪತ್ರೆಗೆ ಎರಡು ದಿನದ ದಾರಿ. ಹೇಗೂ ದಾರಿಯಲ್ಲಿ ಸಾಯುತ್ತಾರೆ, ಈಗಲೇ ಬರೆದುಬಿಡು ಎಂದಿದ್ದ ಬಿಳಿ ದೊರೆ. ಗಾಯಾಳುಗಳ ಲೆಕ್ಕ ಬರೆಯುವ ಕೆಲಸದಲ್ಲಿದ್ದ ಇವರು, ಚೀಟಿಯಲ್ಲಿ ‘ಸತ್ತ’ ಎಂದು ಬರೆದು, ಸಹಿ ಹಾಕಿ, ನೀರು ಕೇಳುತ್ತಿದ್ದವರ ಕೊರಳಿಗೆ ಕಟ್ಟುತ್ತಿದ್ದರು. ಅಂಥ ಚೀಟಿ ಕಟ್ಟಿದವನನ್ನು ಆಮೇಲೆ ಯಾರೂ ಹೊರುತ್ತಿರಲಿಲ್ಲ.

ಗೇಟಿನಣ್ಣ ಬೈಯಲಿಲ್ಲ. "ಬರೆದೋರು ನೀವೇ ಅಲ್ವಾ ಸ್ವಾಮಿ, ಬದುಕಿದಾನೆ ಅಂತಾನೂ ನೀವೇ ಬರೆದುಕೊಡಿ" ಎಂದ. ಮುಗಿಸಪ್ಪ ಅಲ್ಲೇ ಕೂತು ಹಾಗೆಂದು ಪತ್ರ ಬರೆದು ಸಹಿ ಹಾಕಿದರು.

ಆ ವಾರ ಮುಗಿಸಪ್ಪನವರನ್ನು ಅವರ ಹೆಂಡತಿಗೂ ಗುರುತು ಹಿಡಿಯಲು ಕಷ್ಟವಾಯಿತಂತೆ. ಮನುಷ್ಯ ಸೀಟಿ ಹಾಕುತ್ತಿದ್ದರು. ಹೊಸ ಕಾದಂಬರಿಯ ಕೊನೆಯ ಅಧ್ಯಾಯ ತಂದುಕೊಟ್ಟರು. ಅದರಲ್ಲಿ ಕುಂಟ ಸೈನಿಕನೊಬ್ಬ ಹೊಸ ಕಾಲಿನಲ್ಲಿ ಮನೆಯ ಮೆಟ್ಟಿಲು ಹತ್ತುತ್ತಾನೆ. ಪ್ರೆಸ್ಸಿನ ಯಜಮಾನರು ಎರಡು ಸಲ ಓದಿ, ಹಾಳೆ ತಿರುಗಿಸಿ, ಹಿಂದುಗಡೆ ಎಲ್ಲಾದರೂ ಸತ್ತಿದ್ದಾನೋ ಎಂದು ನೋಡಿದರು. ನಾನು ಖುಷಿಯಿಂದಲೇ ಜೋಡಿಸಿ, ಮೊಳೆಗಳು ಚೆದುರದಂತೆ ಪುಟಕ್ಕೆ ದಾರ ಬಿಗಿದಿಟ್ಟೆ.

ಸೋಮವಾರ ಮೂವರೂ ಆಸ್ಪತ್ರೆಯ ಕಚೇರಿಗೆ ಹೋದೆವು. ಬಿಳಿಯರು ಹೋಗಿ ಎಷ್ಟೋ ಕಾಲವಾಗಿದ್ದರೂ ಅವರ ಕಪಾಟು, ಅವರ ಕಡತ, ಅವರ ಗೆದ್ದಲು ಎಲ್ಲವೂ ಅಲ್ಲೇ ಇದ್ದವು. ಗುಮಾಸ್ತ ಎಳೆಯ ವಯಸ್ಸಿನವನು. ಹಳೆಯ ಚೀಟಿ, ಹೊಸ ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ.

"ಈ ಚೀಟಿ ಬರೆದೋರು ನೀವೇನಾ?"

"ನಾನೇ."

"ಆವಾಗ ಇವ್ರು ಬದುಕಿದ್ರು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಳ್ಳು ಬರೆದ್ರಿ. ಮತ್ತೆ ಇವತ್ತಿನ ಸಹಿ ನಾನು ಹೇಗೆ ನಂಬ್ಲಿ, ಹೇಳಿ."

ಗೇಟಿನಣ್ಣ ತನ್ನ ಕಾಲನ್ನು ಮೇಜಿನ ಮೇಲೆತ್ತಿಟ್ಟು ತೋರಿಸಿದ. ಗುಮಾಸ್ತ ಕಡತಕ್ಕೆ ಮಣ್ಣು ತಾಗೀತೆಂದು ಸರಿಸಿಕೊಂಡ, ಅಷ್ಟೆ.

ವಾಪಸು ಬರುವಾಗ ಕಾಲು ಪೂರ್ತಿ ಎರಡು ಹೋಳಾಯಿತು. ನಾವಿಬ್ಬರೂ ಅವನನ್ನು ಹೆಗಲ ಮೇಲೆ ಹೊತ್ತುಕೊಂಡೇ ಪ್ರೆಸ್ಸಿಗೆ ತಂದೆವು. ಒಳಗೆ ಬಂದು ಮುಗಿಸಪ್ಪ, ನಾನು ಜೋಡಿಸಿಟ್ಟಿದ್ದ ಪುಟವನ್ನೇ ದಿಟ್ಟಿಸುತ್ತ ನಿಂತರು.

ಅದರಲ್ಲೇನಿದೆ ಎಂದು ಗೇಟಿನಣ್ಣ ಕೇಳಿದ. ಓದಿ ಹೇಳಿದೆ. ಅವನು ಮೆಟ್ಟಿಲು ಹತ್ತುವವರೆಗೂ ಕೇಳಿಸಿಕೊಂಡ.

"ಇದು ಬೇಡ ಸ್ವಾಮಿ," ಎಂದ. "ಇದೂ ಆ ಚೀಟಿ ಥರಾನೇ, ಆಗದ್ದನ್ನ ಮೊದಲೇ ಬರೆದಿಟ್ಟ ಹಾಗಾಗುತ್ತೆ."

ಮುಗಿಸಪ್ಪ ನನ್ನ ಕಡೆ ತಲೆಯಾಡಿಸಿದರು. ನಾನು ಪುಟ ಬಿಚ್ಚಿ, ಮೊಳೆಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿನ ಅವುಗಳ ಮನೆಗೆ ಹಾಕಿದೆ. ಅವರು ಮೊಣಕಾಲೂರಿ ಕೂತು, ಪುಟದಿಂದ ಬಿಚ್ಚಿದ ದಾರದಲ್ಲಿ ಮರದ ಕಾಲಿನ ಎರಡು ಹೋಳುಗಳನ್ನು ಬಿಗಿಯತೊಡಗಿದರು. ಗಂಟು ಹಾಕುವ ಕೈ ನುರಿತಿತ್ತು. ಕೊರಳಿಗೆ ಕಟ್ಟಿ ಕಟ್ಟಿ ಅಭ್ಯಾಸವಿತ್ತಲ್ಲ.