ಕಣ್ಣು ಮುಚ್ಚಿ ನಿಲ್ಲುವುದು

ಬೆಳಗಿನ ಐದು ಗಂಟೆ ಐವತ್ತು ನಿಮಿಷಕ್ಕೆ ಮಕ್ತಲಿನ ಇಂದಿರಾಬಾಯಿ ತುಳಸಿಕಟ್ಟೆಯ ಮುಂದೆ ಕೈ ಜೋಡಿಸಿ ನಿಂತು ಕಣ್ಣು ಮುಚ್ಚಿದರು. ಮುಚ್ಚಿದ್ದೇ ತಡ, ಮೈ ಮೊದಲು ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ. ಇನ್ನೇನು ಬೀಳಬೇಕು ಅನ್ನುವಾಗ ಕಣ್ಣು ತೆರೆದು ಕಟ್ಟೆಯ ಅಂಚು ಹಿಡಿದುಕೊಂಡರು.

ಎದುರು ಮನೆಯ ಅಂಗಳದಲ್ಲಿ ನೂಲಿನ ಲಡಿ ಒಣಹಾಕುತ್ತಿದ್ದ ನೇಕಾರರ ಬುಚ್ಚಮ್ಮ ಇದನ್ನು ದಿನಾ ನೋಡುವವಳು. ಲಡಿಯನ್ನು ಹೆಗಲಿಗೇರಿಸಿ ಅಲ್ಲಿಂದಲೇ ಕೈಮುಗಿದಳು.

"ಬಾಯೇರ, ಇವತ್ತೂ ಬಂದನಲ್ರೀ ಸ್ವಾಮಿ! ಹೆಂಗ ತೂಗಾಕ ಹತ್ತಿದ್ರಿ!"

"ಸ್ವಾಮಿಗೆ ಬ್ಯಾರೆ ಕೆಲಸ ಇಲ್ಲೇನು? ನೀ ನಿನ್ನ ನೂಲು ನೋಡ್ಕೋ."

"ನಿಮಗ ತಿಳಿಯಂಗಿಲ್ರೀ. ನೋಡೋರಿಗೆ ತಿಳಿತೈತಿ."

ಬುಚ್ಚಮ್ಮನ ಬಾಯಿಂದ ಮಾತು ಓಣಿಗೆ ಹರಡಿತ್ತು. ಸಂಜೆ ಹೊತ್ತು ನಾಲ್ಕಾರು ಹೆಂಗಸರು ಬಂದು ಇಂದಿರಾಬಾಯಿಯ ಪಾದ ಮುಟ್ಟಿ ಹೋಗುತ್ತಿದ್ದರು. ಆದರೆ ಕೆಲವರು ಮುಖ ಊದಿಸಿಕೊಂಡು ಮರಳಿದ್ದೂ ಉಂಟು. ಕಾಲಿಗೆ ಬಿದ್ದರೂ ಬಾಯಿ ಬಿಟ್ಟು ಒಂದು ಆಶೀರ್ವಾದ ಮಾಡಲಿಲ್ಲ, ಅಷ್ಟು ದೊಡ್ಡವರಾದರು, ಎಂದು. ನಿಜ ಬೇರೆ ಇತ್ತು. ಬೇರೆ ಕಡೆ ನೋಡುತ್ತಿದ್ದಾಗ ಯಾರಾದರೂ ಪಾದ ಮುಟ್ಟಿದರೆ ಇಂದಿರಾಬಾಯಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಅವರಿಗೆ ಆಗ ಅರವತ್ತೊಂದು. ಗಂಡ ರಾಘಣ್ಣ ಓಣಿಯ ಕೊನೆಯ ಹನುಮಪ್ಪನ ಗುಡಿಯ ಅರ್ಚಕರು. ಸೊಸೆಯಾಗಿ ಬಂದಾಗಿನಿಂದ ನೈವೇದ್ಯದ ಹುಗ್ಗಿ ಇಂದಿರಾಬಾಯಿಯದೇ. ಮನೆಯಲ್ಲಿ ಮಡಿಯಿಂದ ಮಾಡಿ, ಹಿತ್ತಾಳೆಯ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಓಣಿಯುದ್ದಕ್ಕೂ ಬರಿಗಾಲಲ್ಲಿ ನಡೆದು ಗುಡಿ ಮುಟ್ಟಿಸಬೇಕು. ನಡುವೆ ಪಾತ್ರೆ ನೆಲಕ್ಕಿಡುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಅವರ ಬದುಕಿನಲ್ಲಿ ತಮ್ಮದು ಎಂದು ಅವರು ಹೇಳಿಕೊಳ್ಳಬಹುದಾಗಿದ್ದ ಕೆಲಸ ಅದೊಂದೇ, ಮತ್ತು ಅದು ಪೂರ್ತಿಯಾಗಿ ಕಾಲಿನ ಮೇಲೆ ನಿಂತಿತ್ತು.

ಆ ಕಾಲು ಈಗ ಹತ್ತಿಯ ಮೂಟೆಯ ಮೇಲೆ ನಡೆದಂತೆ ನಡೆಯುತ್ತಿತ್ತು. ಒಂದು ದಿನ ಅಂಗಡಿಯಿಂದ ಬರುವಾಗ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ಹೊಸಿಲಿಗೆ ಬಂದು ಕಣ್ಣಿಂದ ನೋಡಿದ ಮೇಲೆಯೇ ತಿಳಿಯಿತು. ಅವರು ಇದನ್ನು ಯಾರಿಗೂ ಹೇಳಲಿಲ್ಲ. ಗುಡಿಯ ಕಮಿಟಿಯ ಲಿಂಗಣ್ಣ ಒಮ್ಮೆ, "ಬಾಯೇರಿಗೂ ವಯಸ್ಸಾತು, ಧನ್ವಾಡದಿಂದ ಒಬ್ಬ ಅಡಿಗಿಯವನ್ನ ಕರೆಸೋಣೇನ್ರಿ?" ಎಂದು ಮರ್ಯಾದೆಯಿಂದಲೇ ಕೇಳಿದ್ದ. ಅಂದಿನಿಂದ ಅವರು ಪಾತ್ರೆ ಹಿಡಿದಾಗ ನೆಲವನ್ನು ಕಣ್ಣಲ್ಲೇ ಅಳೆಯುತ್ತ ನಡೆಯುವುದನ್ನು ರೂಢಿಸಿಕೊಂಡಿದ್ದರು.

ಅವರ ಊಟದ ವಿಷಯ ಇಲ್ಲಿ ಹೇಳಬೇಕು. ಒಂಬತ್ತು ವರ್ಷದ ಹಿಂದೆ ಮಗಳು ವಸುಧಾ ರಾಯಚೂರಿನ ಆಸ್ಪತ್ರೆಯಲ್ಲಿ ಏಳನೇ ತಿಂಗಳಿಗೇ ಹೆತ್ತಳು. ಹೆಣ್ಣುಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅದೇ ಸಂಜೆ ಇಂದಿರಾಬಾಯಿ ಬಸ್ಸು ಹಿಡಿದು ಮಂತ್ರಾಲಯಕ್ಕೆ ಹೋಗಿ ಬಂದರು. ಬಂದವರು ಹಾಲು, ಮೊಸರು, ಮಜ್ಜಿಗೆ, ತುಪ್ಪ ಒಂದನ್ನೂ ಬಾಯಿಗೆ ಮುಟ್ಟಿಸಲಿಲ್ಲ. ಚಾತುರ್ಮಾಸದಲ್ಲಿ ಮನೆಯವರೆಲ್ಲ ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು ಬಿಡುವುದು ಇದ್ದದ್ದೇ; ಇವರದು ಹನ್ನೆರಡೂ ತಿಂಗಳ ವ್ರತ. ಮಗು ಉಳಿಯಿತು, ಬೆಳೆಯಿತು, ಶಾಲೆಗೆ ಹೋಯಿತು. ಇನ್ನು ಸಾಕಲ್ಲ ಎಂದು ರಾಘಣ್ಣ ಒಮ್ಮೆ ಕೇಳಿದ್ದರು. "ಕೊಟ್ಟದ್ದನ್ನ ತಿರುಗಿ ಕೇಳ್ತಾರೇನ್ರಿ?" ಎಂದಿದ್ದರು ಇಂದಿರಾಬಾಯಿ. ಅಲ್ಲಿಗೆ ಆ ಮಾತು ಮುಗಿದಿತ್ತು.

ಸಕ್ಕರೆ ಕಾಯಿಲೆಗೆ ಆರು ವರ್ಷದಿಂದ ಮೆಟ್‌ಫಾರ್ಮಿನ್ ಗುಳಿಗೆ ನಡೆದಿತ್ತು. ಮೂರು ವರ್ಷದ ಹಿಂದೆ ರಕ್ತ ಕಡಿಮೆಯಾಗಿದೆ ಎಂದು ಒಬ್ಬ ವೈದ್ಯರು ಒಂದು ತಿಂಗಳಿಗೆ ಎಂದು ಹೇಳಿ ಎರಡು ಗುಳಿಗೆ ಕೊಟ್ಟರು: ಕಬ್ಬಿಣದ್ದೊಂದು, ಫೋಲಿಕ್ ಆಸಿಡ್‌ನ ಪುಟ್ಟ ಹಳದಿಯದೊಂದು. ಕಬ್ಬಿಣದ್ದು ಹೊಟ್ಟೆ ಕಟ್ಟಿಸಿತೆಂದು ಬೇಗ ಬಿಟ್ಟರು. ಹಳದಿಯದು ಏನೂ ತೊಂದರೆ ಕೊಡಲಿಲ್ಲ, ರಕ್ತ ಏರಿತು. ರಕ್ತ ಕೊಡುವ ಗುಳಿಗೆ ಎಂದು ತಾವೇ ತರಿಸಿಕೊಂಡು ಮೂರು ವರ್ಷ ನುಂಗಿದರು. ಪರೀಕ್ಷೆ ಮಾಡಿಸಿದಾಗಲೆಲ್ಲ ಹಿಮೋಗ್ಲೋಬಿನ್ ಹನ್ನೆರಡಕ್ಕಿಂತ ಕಡಿಮೆ ಬರಲಿಲ್ಲ. ಹೀಗಾಗಿ ಅವರ ಲೆಕ್ಕ ಸರಳವಾಗಿತ್ತು: ರಕ್ತ ಚೆನ್ನಾಗಿದೆ, ಕಾಲಿಗೆ ಮಾತ್ರ ವಯಸ್ಸಾಗಿದೆ.

ಆ ಲೆಕ್ಕ ತಪ್ಪೆಂದು ತಿಳಿದದ್ದು ಮಾಧವಿ ಬಂದ ದಿನ. ಮಾಧವಿ ರಾಘಣ್ಣನ ತಮ್ಮನ ಮಗಳು, ಬಿ.ಫಾರ್ಮಸಿ ಓದಿ ಗದ್ವಾಲದಲ್ಲಿ ಔಷಧಿ ಅಂಗಡಿ ನಡೆಸುವವಳು. ಅವಳು ಬಂದಾಗ ಇಂದಿರಾಬಾಯಿ ಪಡಸಾಲೆಯಲ್ಲಿ ನಿಂತು ಅಕ್ಕಿ ಕೇರುತ್ತಿದ್ದರು. ಮೊರ ಅಡ್ಡವಿದ್ದುದರಿಂದ ಅವರಿಗೆ ತಮ್ಮ ಕಾಲು ಕಾಣುತ್ತಿರಲಿಲ್ಲ. ಮಾಧವಿ ಬಗ್ಗಿ ಎರಡೂ ಪಾದ ಹಿಡಿದಳು. ಮೊರ ಏಳುತ್ತ ಬೀಳುತ್ತ ಇತ್ತು.

"ದೊಡ್ಡಮ್ಮ, ಇವತ್ತು ಆಶೀರ್ವಾದ ಇಲ್ಲೇನು?"

"ಅಯ್ಯ, ಯಾವಾಗ ಬಂದಿ? ನಮಸ್ಕಾರ ಆಮ್ಯಾಲೆ ಮಾಡೀಯಂತ, ಮೊದಲ ಕಾಲು ತೊಳ್ಕೊ."

ಮಾಧವಿಯ ಕೈ ಇನ್ನೂ ಪಾದದ ಮೇಲೇ ಇತ್ತು. ಅವಳು ತಲೆ ಎತ್ತಲಿಲ್ಲ. "ಮೊರ ಹಂಗೇ ಹಿಡಕೊಂಡಿರ್ರಿ. ಈಗ ಯಾವ ಬೆರಳು ಹಿಡದೀನಿ, ಹೇಳ್ರಿ."

"ಇದೇನು ಆಟ ಹಚ್ಚಿ? ಹೆಬ್ಬೆರಳು."

"ಅಲ್ಲ."

"ಹಂಗಾರ ಕಿರುಬೆರಳು."

"ಯಾವುದೂ ಅಲ್ಲ, ದೊಡ್ಡಮ್ಮ. ಕೈ ತೆಗೆದು ಆಗಲೇ ಎಷ್ಟೋ ಹೊತ್ತಾತು."

ಮೊರ ನಿಂತಿತು. ಒಳಗಿನಿಂದ ರಾಘಣ್ಣ, "ಏನದು?" ಎಂದರು. ಇಂದಿರಾಬಾಯಿ, "ಏನಿಲ್ರಿ" ಎಂದರು. ದನಿ ಮಾತ್ರ ಏನೋ ಇದೆ ಎಂದೇ ಹೇಳಿತು.

ಮರುದಿನ ಹುಗ್ಗಿ ಗುಡಿ ಮುಟ್ಟಿದ ಮೇಲೆ ಮೂವರೂ ನಾರಾಯಣಪೇಟೆಯ ಬಸ್ಸು ಹತ್ತಿದರು. ಅಲ್ಲಿನ ಡಾಕ್ಟರ್ ಝಾನ್ಸಿ, ಉಟ್ಕೂರ್ ಊರಿನ ಕಡೆಯವರು. ತೆಲುಗಿನಷ್ಟೇ ಸಲೀಸಾಗಿ ಕನ್ನಡ ಆಡುತ್ತಿದ್ದರು. ಎರಡು ಕವಲಿನ ಉಕ್ಕಿನ ಸಲಾಕೆಯೊಂದನ್ನು ತಟ್ಟಿ ಅದರ ಬುಡವನ್ನು ಇಂದಿರಾಬಾಯಿಯ ಕಾಲ್ಬೆರಳಿಗೆ ಒತ್ತಿದರು. ಅದರ ನಡುಕ ಬೆರಳಿಗೂ ತಿಳಿಯಲಿಲ್ಲ, ಪಾದದ ಮೇಲಿನ ಗಿಣ್ಣು, ಹರಡಿಗೂ ತಿಳಿಯಲಿಲ್ಲ. ಮೊಣಕಾಲಿಗೆ ಮಾತ್ರ ತಿಳಿಯಿತು.

"ಪಾದ ಜೋಡಿಸಿ ನಿಲ್ರಿ ಅಮ್ಮ. ಈಗ ಕಣ್ಣು ಮುಚ್ರಿ."

ಇಂದಿರಾಬಾಯಿ ವಾಲಿದರು. ಡಾಕ್ಟರು ಮೊದಲೇ ಕೈ ಚಾಚಿ ನಿಂತಿದ್ದರು, ಹಿಡಿದರು.

"ತುಳಸಿ ಮುಂದ ದಿನಾ ಹಿಂಗೇ ತೂಗ್ತಾಳ," ಎಂದರು ರಾಘಣ್ಣ, ಸ್ವಲ್ಪ ಹೆಮ್ಮೆಯಿಂದಲೇ. "ಭಕ್ತಿ ಅದು."

"ಭಕ್ತಿ ಇರಬಹುದು ಸ್ವಾಮಿ. ಆದ್ರೆ ತೂಗೋದು ಭಕ್ತಿ ಅಲ್ಲ. ಕಣ್ಣು ತೆರೆದಿದ್ದಾಗ ನೆಲ ಎಲ್ಲೈತಿ ಅಂತ ಕಣ್ಣು ಹೇಳ್ತದೆ. ಮುಚ್ಚಿದಾಗ ಕಾಲೇ ಹೇಳಬೇಕು. ಈ ಕಾಲು ಹೇಳ್ತಾ ಇಲ್ಲ."

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ-12 ತೊಂಬತ್ತೆಂಟು ಬಂತು. ಇನ್ನೂರಕ್ಕಿಂತ ಮೇಲಿರಬೇಕಿತ್ತು. ಈ ಜೀವಸತ್ವ ಕಾಳಿನಲ್ಲಿಲ್ಲ, ಸೊಪ್ಪಿನಲ್ಲಿಲ್ಲ. ಮಾಂಸ ಮೊಟ್ಟೆ ಮುಟ್ಟದವರಿಗೆ ಹಾಲು ಮೊಸರೇ ದಾರಿ. ಮೈಯೊಳಗೆ ಕೆಲವು ವರ್ಷಕ್ಕಾಗುವ ದಾಸ್ತಾನು ಇರುವುದರಿಂದ ಬಿಟ್ಟ ಕೂಡಲೇ ಕೊರತೆ ಕಾಣುವುದಿಲ್ಲ. ಮೆಟ್‌ಫಾರ್ಮಿನ್ ಬಹುಕಾಲ ನುಂಗುವವರಲ್ಲಿ ಇದ್ದಷ್ಟನ್ನು ಕರುಳು ಹೀರುವುದೂ ತಗ್ಗುತ್ತದೆ. ಹಳದಿ ಗುಳಿಗೆಯ ಕೆಲಸ ಇನ್ನೂ ವಿಚಿತ್ರ. ಬಿ-12 ಕಡಿಮೆಯಾದಾಗ ರಕ್ತ ಕೆಡಬೇಕು, ಅದು ಎಚ್ಚರಿಕೆಯ ಗಂಟೆ. ಹೆಚ್ಚು ಫೋಲಿಕ್ ಆಸಿಡ್ ರಕ್ತವನ್ನು ಸರಿಪಡಿಸಿ ಗಂಟೆಯ ಬಾಯಿ ಕಟ್ಟುತ್ತದೆ. ನರವನ್ನು ಮಾತ್ರ ಕಾಯುವುದಿಲ್ಲ. ಮೂರು ವರ್ಷ ರಕ್ತ ಹನ್ನೆರಡಿತ್ತು, ನರ ಸವೆಯುತ್ತಲೇ ಇತ್ತು.

"ಆ ಹಳದಿ ಗುಳಿಗೆ ಇವತ್ತಿಗೆ ನಿಲ್ಲಿಸ್ರಿ," ಎಂದರು ಡಾಕ್ಟರು. "ಇಂಜೆಕ್ಷನ್ ಮೊದಲ ಮೂರು ವಾರ ದಿನ ಬಿಟ್ಟು ದಿನ. ಆಮೇಲೆ ವಾರಕ್ಕೊಂದು. ಆಮೇಲೆ ಜೀವ ಇರೋ ತನಕ ಗುಳಿಗೆ. ಜೊತೆಗೆ ಹಾಲು ಮೊಸರು ಶುರು ಮಾಡ್ರಿ."

"ಇಂಜೆಕ್ಷನ್ ಎಷ್ಟರೆ ಕೊಡ್ರಿ, ತಗೋತೀನಿ. ಹಾಲು ಮೊಸರು ಇಲ್ಲ."

"ಎಷ್ಟು ನರ ತಿರುಗಿ ಬರ್ತದೋ ನಾನು ಮಾತು ಕೊಡಲ್ಲಮ್ಮ. ತಡ ಆದಷ್ಟೂ ಕಡಿಮೆ."

"ಅದಕ್ಕಂತಲೇ ಇವತ್ತೇ ಚುಚ್ಚರಿ."

ಮೊದಲ ಸೂಜಿ ಅಲ್ಲೇ ಆಯಿತು. ಉಳಿದವು ಮಕ್ತಲಿನಲ್ಲಿ. ಏಕಾದಶಿಯ ನಿರ್ಜಲ ಉಪವಾಸದ ದಿನವೂ ಅವರು ತಪ್ಪಿಸಲಿಲ್ಲ. ಸೂಜಿ ಬಾಯಿಂದ ಹೋಗುವುದಿಲ್ಲವಲ್ಲ ಎಂದರು.

ತೊಡಕಾದದ್ದು ಗುಳಿಗೆಯ ಸರದಿ ಬಂದಾಗ. ಅಂಗಡಿಯಲ್ಲಿ ಹೆಚ್ಚಿದ್ದದ್ದು ಕ್ಯಾಪ್ಸೂಲು. ಅದರ ಸಿಪ್ಪೆ ಪ್ರಾಣಿಯ ಎಲುಬು ಚರ್ಮದಿಂದ ತೆಗೆದ ಜೆಲಟಿನ್ನಿನದು. ಅದನ್ನು ಮಾಧವಿಯೇ ಬದಿಗಿಟ್ಟಳು. ಗುಳಿಗೆಯೊಳಗಿನ ಬಿ-12 ಕಾರ್ಖಾನೆಯಲ್ಲಿ ಸೂಕ್ಷ್ಮಾಣುಗಳಿಂದ ಹುದುಗಿಸಿ ತೆಗೆದದ್ದು, ಅದಕ್ಕೆ ದೋಷವಿಲ್ಲ ಎಂದಳು. ಇಂದಿರಾಬಾಯಿ ಅಷ್ಟಕ್ಕೆ ಬಿಡಲಿಲ್ಲ.

"ಅಷ್ಟು ಚೂರು ಔಷಧ ಇಷ್ಟು ದೊಡ್ಡ ಗುಳಿಗಿ ಹೆಂಗಾತು? ಉಳಿದದ್ದು ಏನು ತುಂಬ್ಯಾರ?"

ಮಾಧವಿ ವಿಚಾರಿಸಿದಳು. ಉಳಿದದ್ದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ.

"ಔಷಧಕ್ಕೆ ವ್ರತದ ದೋಷ ತಟ್ಟೂದಿಲ್ಲ ಇಂದಿರಾ," ಎಂದರು ರಾಘಣ್ಣ, ಪಂಚಾಂಗ ಮಡಿಸುತ್ತ. "ಶಾಸ್ತ್ರದಾಗ ಅದ."

"ಶಾಸ್ತ್ರ ನಿಮಗ ಗೊತ್ತು. ಮಾತು ಕೊಟ್ಟಾಕಿ ನಾನು."

"ಹನುಮಪ್ಪನ್ನ ಒಪ್ಪಸಬಹುದು, ಇಕಿನ್ನಲ್ಲ," ಎಂದು ರಾಘಣ್ಣ ಎದ್ದು ಹೋದರು.

ಮಾಧವಿ ಒಂದೊಂದೇ ಕಂಪನಿಗೆ ಫೋನು ಮಾಡಿದಳು. ಕೆಲವರಿಗೆ ತಮ್ಮ ಗುಳಿಗೆಯಲ್ಲಿ ಏನಿದೆ ಎಂದೇ ಗೊತ್ತಿರಲಿಲ್ಲ. ಕೊನೆಗೆ ಗಿಡದ ನಾರಿನ ಪುಡಿಯನ್ನಷ್ಟೇ ತುಂಬಿದ ಒಂದು ಸಿಕ್ಕಿತು, ಬರಹದಲ್ಲಿ ಖಾತ್ರಿಯೂ ಬಂತು. ದಿನಕ್ಕೆ ಎರಡೂವರೆ ಮೈಕ್ರೋಗ್ರಾಂ ಸಾಲುವಾಗ ಗುಳಿಗೆ ಸಾವಿರದ್ದು ಏಕೆ ಎಂದು ಇಂದಿರಾಬಾಯಿ ಅದನ್ನೂ ಕೇಳಿದರು. ಇಷ್ಟು ದೊಡ್ಡ ಪ್ರಮಾಣದಲ್ಲಿ ನೂರಕ್ಕೆ ಒಂದು ಪಾಲಿನಷ್ಟೇ ಮೈಗೆ ಹತ್ತುತ್ತದೆ, ಹತ್ತಿದ್ದರಲ್ಲೂ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ ಎಂದಳು ಮಾಧವಿ. "ಆದ್ರ ಎಲ್ಲಾ ವಿಟಮಿನ್ನೂ ಹಿಂಗಲ್ಲ ದೊಡ್ಡಮ್ಮ. ಎ, ಡಿ, ಹಂಗೇ ಕಬ್ಬಿಣನೂ ಒಳಗೇ ಕೂಡಿ ಕೂತು ಕೆಡಸ್ತಾವ."

ಈ ಮಾತು ಎದುರು ಮನೆಯಲ್ಲಿ ಕೆಲಸಕ್ಕೆ ಬಂತು. ಉಳಿದ ಹಳದಿ ಗುಳಿಗೆಗಳನ್ನು ಕೇಳಲು ಬುಚ್ಚಮ್ಮ ಬಂದಿದ್ದಳು.

"ಬಾಯೇರ, ಚೆಲ್ಲಬ್ಯಾಡ್ರಿ, ನನಗ ಕೊಡ್ರಿ. ಶಕ್ತಿದು ಅಲ್ಲೇನ್ರಿ? ನಮ್ಮ ಮನ್ಯಾಗ ಅವ್ರೂ ದಿನಾ ಶಕ್ತಿ ಪ್ಯಾಕೀಟು ಕುಡಿಯಾಕ ಹತ್ಯಾರ. ಸಿಹಿ ಐತಂತ."

"ಯಾವ ಪ್ಯಾಕೀಟು?"

ಬುಚ್ಚಮ್ಮ ತಂದು ತೋರಿಸಿದಳು. ಅರವತ್ತು ಸಾವಿರ ಯೂನಿಟ್ಟಿನ ವಿಟಮಿನ್ ಡಿ. ಹಗಲೆಲ್ಲ ಒಳಗೆ ಮಗ್ಗದ ಗುಂಡಿಯಲ್ಲಿ ಕೂರುವ ಅವಳ ಗಂಡ ಭೀಮಯ್ಯನಿಗೆ ಯಾರೋ ವೈದ್ಯರು ವಾರಕ್ಕೊಂದರಂತೆ ಬರೆದುಕೊಟ್ಟದ್ದು. ಸಿಹಿಯಾಗಿದ್ದದ್ದಕ್ಕೆ ಅವನು ದಿನಕ್ಕೊಂದು ಮಾಡಿಕೊಂಡಿದ್ದ. ಇಂದಿರಾಬಾಯಿ ಮಾಧವಿಯನ್ನು ಕೇಳಿ, ಅವನನ್ನು ಮಗ್ಗದಿಂದ ಎಬ್ಬಿಸಿ, ಡಿ ಹೆಚ್ಚಾದರೆ ಏರುವ ರಕ್ತದ ಕ್ಯಾಲ್ಸಿಯಂ ನೋಡಿಸಲು ಅಂದೇ ಕಳಿಸಿದರು. ಅದೃಷ್ಟಕ್ಕೆ ಹೆಚ್ಚು ಏರಿರಲಿಲ್ಲ. ಕೆಲವು ತಿಂಗಳು ನಿಲ್ಲಿಸಿ, ವೈದ್ಯರು ಮತ್ತೆ ವಾರಕ್ಕೊಂದು ಶುರು ಮಾಡಲು ಹೇಳಿದ ಮೇಲೆ, ಪ್ಯಾಕೀಟುಗಳು ಇಂದಿರಾಬಾಯಿಯ ದೇವರ ಕೋಣೆ ಸೇರಿದವು. ರಾಯರ ವಾರ ಗುರುವಾರ; ಭೀಮಯ್ಯ ಗುರುವಾರ ಬಂದರೆ ಒಂದು ಕೈಗೆ ಸಿಗುತ್ತಿತ್ತು.

ಕಾಲು ನಿಧಾನಕ್ಕೆ ಬಂತು. ಮೊದಲು ಬಂದದ್ದು ಉರಿ. ಸತ್ತ ಜಾಗದಲ್ಲಿ ಉರಿ ಬಂತೆಂದು ಇಂದಿರಾಬಾಯಿ ಖುಷಿಪಟ್ಟರು. ದಿನಾ ತುಳಸಿಯ ಮುಂದೆ ಕಣ್ಣು ತೆರೆದೇ ನಿಲ್ಲುತ್ತಿದ್ದರು, ಆಮೇಲೆ ಒಂದು ಶ್ಲೋಕದಷ್ಟು ಹೊತ್ತು ಮುಚ್ಚುತ್ತಿದ್ದರು, ವಾಲಿದರೆ ಕಟ್ಟೆ ಹಿಡಿದು ಮತ್ತೆ ಮೊದಲಿನಿಂದ. ಹುಗ್ಗಿಯ ಪಾತ್ರೆ ಒಂದು ದಿನವೂ ಬೇರೆ ಕೈಗೆ ಹೋಗಲಿಲ್ಲ. ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರು ಇಡೀ ಸ್ತೋತ್ರ ಮುಗಿಯುವವರೆಗೆ ಕಣ್ಣು ಮುಚ್ಚಿ ಅಲುಗದೆ ನಿಂತರು.

"ಇವತ್ತು ಸ್ವಾಮಿ ಬರಲಿಲ್ಲೇನ್ರೀ ಬಾಯೇರ?" ಎಂದಳು ಬುಚ್ಚಮ್ಮ, ನಿರಾಶೆಯಿಂದ.

"ಬಂದಿದ್ದ. ನಿಂತು ಮಾತಾಡಿ ಹೋದ."

ಎಡಗಾಲಿನ ಎರಡು ಬೆರಳು ಕೊನೆಗೂ ಮರಳಲಿಲ್ಲ. ಅಷ್ಟನ್ನು ಕಣ್ಣಿನಿಂದ ನೋಡಿಕೊಳ್ಳುತ್ತೇನೆ ಎಂದರು.

ಕೊನೆಯ ಭೇಟಿಯಲ್ಲಿ ಡಾಕ್ಟರ್ ಝಾನ್ಸಿ ಸಲಾಕೆ ತಟ್ಟಿ ಹರಡಿಗೆ ಒತ್ತಿದರು. "ಹಾಂ, ಗುಂಯ್ ಅಂತದ," ಎಂದರು ಇಂದಿರಾಬಾಯಿ. ಡಾಕ್ಟರು ನಕ್ಕರು. ಗುಳಿಗೆ ಬಿಡಬೇಡಿ ಎಂದರು, ಮತ್ತೆ ಕೇಳಿದರು: "ಎಲ್ಲಾ ಮಾತೂ ಕೇಳಿದ್ರಿ ಅಮ್ಮ. ಹಾಲಿಂದು ಒಂದು ಮಾತ್ರ ಯಾಕೆ ಕೇಳಲಿಲ್ಲ? ಅಂಥದ್ದೇನು ಹೇಳಿ ಬಿಟ್ರಿ ಅದನ್ನ?"

ಪಕ್ಕದಲ್ಲಿ ಕುಳಿತಿದ್ದ ರಾಘಣ್ಣ ತಲೆ ಎತ್ತಿದರು. ಒಂಬತ್ತು ವರ್ಷದಲ್ಲಿ ಅವರೂ ಇದನ್ನು ಕೇಳಿರಲಿಲ್ಲ.

ಅವತ್ತು ಮಂತ್ರಾಲಯದಲ್ಲಿ ಇಂದಿರಾಬಾಯಿಗೆ ಬೇಡಿಕೊಳ್ಳಲು ಮಾತು ಬಂದಿರಲಿಲ್ಲ. ಗಾಜಿನ ಪೆಟ್ಟಿಗೆಯ ಬಳಿ ನರ್ಸಮ್ಮ ತೂಕ ನೋಡಿ ಹೇಳಿದ್ದೊಂದೇ ತಲೆಯಲ್ಲಿತ್ತು. ವೃಂದಾವನದ ಮುಂದೆ, ಸುತ್ತ ನಿಂತವರು ತಿರುಗಿ ನೋಡುವಂತೆ, ಅದನ್ನೇ ಗಟ್ಟಿಯಾಗಿ ಹೇಳಿದ್ದರು. ಈಗ ಡಾಕ್ಟರಿಗೂ ಅದನ್ನೇ ಹೇಳಿದರು.

"ಒಂದು ಕಿಲೋ ನೂರಾ ಎಂಬತ್ತು ಗ್ರಾಂ."