ವರದಾಬಾಯಿಯವರ ರುಮಾಲಿನ ಗಂಟು

ಪೇಶವೆಯರ ಕಾಲದ ಮೋಡಿ ಲಿಪಿಯ ಬರಹವನ್ನು ಎಡವದೆ ಓದುವವರು ಪುಣೆಯಲ್ಲಿ ಇಂದು ಬೆರಳೆಣಿಕೆಯಷ್ಟು. ಅವರಲ್ಲಿ ಸನ್ಮಾನ್ಯ ವರದಾಬಾಯಿ ಕೌಜಲಗಿಯವರ ಹೆಸರನ್ನು ಬಲ್ಲವರು ಮೊದಲು ಹೇಳುತ್ತಾರೆ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಯ ಧನಕವಡಿಗೆ ಬಂದು, ನಮ್ಮ ದಫ್ತರಖಾನೆಯ ಹಳೆಯ ಕಾಗದಗಳ ನಡುವೆ ಮೂವತ್ತನಾಲ್ಕು ವರ್ಷ ದುಡಿದು, ಅವರು ಕಳೆದ ತಿಂಗಳು ನಿವೃತ್ತರಾದರು. ಅಷ್ಟು ವರ್ಷಗಳಲ್ಲಿ ಅವರ ಕೈಯಿಂದ ಒಂದು ಹಾಳೆಯೂ ಕಳೆಯಲಿಲ್ಲ. ಕಳೆಯುವ ಹಂತಕ್ಕೆ ಬಂದದ್ದು ಒಮ್ಮೆ, ಅದೂ ನನ್ನಿಂದ. ಅದನ್ನು ಮುಚ್ಚಿಟ್ಟು ಬರಿಯ ಹೊಗಳಿಕೆ ಬರೆಯುವುದು ನನಗಾಗದು.

ಸವದತ್ತಿ ಕಡೆಯ ಹಳ್ಳಿಯಲ್ಲಿ ಏಳನೆಯ ಇಯತ್ತೆ ಓದಿ ಬಂದ ನನ್ನನ್ನು ಹತ್ತೊಂಬತ್ತು ವರ್ಷಗಳ ಹಿಂದೆ ಇಲ್ಲಿ ಜವಾನನಾಗಿ ತೆಗೆದುಕೊಂಡರು. ಬಾಯಿಯವರು ಊಟದ ಬಿಡುವಿನಲ್ಲಿ ತಮ್ಮ ಡಬ್ಬಿಯ ಅರ್ಧ ಚಪಾತಿ ನನ್ನ ಮುಂದೆ ಸರಿಸಿ, ಬಿಡುವಿನ ಉಳಿದ ಹೊತ್ತು ಮೋಡಿ ಕಲಿಸಿದರು. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚುವ ಓದುಗರೊಡನೆ ನಾನು ಜಗಳಕ್ಕೆ ನಿಂತಾಗಲೆಲ್ಲ ನಡುವೆ ಬಂದು ತಣ್ಣಗೆ ಮಾಡಿದವರೂ ಅವರೇ. ನಮ್ಮಲ್ಲಿ ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿಡುತ್ತೇವೆ. ಆ ಕಟ್ಟಿಗೆ ರುಮಾಲು ಎನ್ನುತ್ತೇವೆ. ಬಾಯಿಯವರ ಮೊದಲ ಕಟ್ಟಳೆ, ರುಮಾಲನ್ನು ಬಿಚ್ಚಿದವರೇ ಕಟ್ಟಬೇಕು. ಒಂಬತ್ತು ಸಾವಿರ ರುಮಾಲುಗಳಲ್ಲಿ ದಾರಿ ತಪ್ಪಿದ ಹಾಳೆ ಸುಟ್ಟ ಹಾಳೆಗೆ ಸಮ.

ಈಚಿನ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನಿಂದ ಅವರಿಗೆ ಪತ್ರಗಳು ಬರುತ್ತಿದ್ದವು. ಒಂದು ಕಾಲಕ್ಕೆ ಅಲ್ಲಿಯ ಬಡ ಹುಡುಗರು ಹೊಟ್ಟೆಪಾಡಿಗೆ ಪರದೇಶದ ದೊರೆಗಳ ದಂಡು ಸೇರುತ್ತಿದ್ದರು. ಕೆಲವರು ಮರಾಠಾ ಸರದಾರರ ತೋಪಖಾನೆಯವರೆಗೂ ಬಂದಿದ್ದರು. ಅವರ ವಂಶದವರು ಈಗ ಅಜ್ಜಂದಿರನ್ನು ಹುಡುಕುತ್ತಿದ್ದಾರೆ. ಬಾಯಿಯವರು ಒಬ್ಬರಿಗೂ ಉತ್ತರ ತಪ್ಪಿಸಲಿಲ್ಲ.

ಈ ಸಲ ಉರ್ಸುಲಾ ಬೀಲರ್ ಎಂಬ ಎಪ್ಪತ್ತೆರಡರ ನಿವೃತ್ತ ಶಿಕ್ಷಕಿ ತಾವೇ ಬಂದರು. ಅವರ ಪೂರ್ವಜ ಯೊಹಾನ್ ಇಲ್ಲಿಂದ ಒಂದೇ ಕಾಗದ ಬರೆದಿದ್ದ: ತೋಪು ಸಿಡಿದು ಎಡಗೈಯ ಎರಡು ಬೆರಳು ಹೋದವೆಂದು. ಆಮೇಲೆ ಸುದ್ದಿಯಿಲ್ಲ. ತಾಯಿಯನ್ನು ಮರೆತ ಮಗನೆಂದು ಆ ಮನೆಯಲ್ಲಿ ಅವನ ಹೆಸರನ್ನೇ ಎತ್ತುತ್ತಿರಲಿಲ್ಲವಂತೆ. ನಿವೃತ್ತಿಗೆ ಐದು ದಿನ ಉಳಿದಿದ್ದ ಶುಕ್ರವಾರ, ಎರಡು ಬೆರಳಿಲ್ಲದ ಟೋಪಿಕಾರ ಗೋಲಂದಾಜನ, ಅಂದರೆ ತೋಪು ಹಾರಿಸುವ ಬಿಳಿಯನ, ಹಾಳೆ ಬಾಯಿಯವರಿಗೆ ಸಿಕ್ಕಿತು. ಎರಡೇ ಸಾಲು ಓದುವಷ್ಟರಲ್ಲಿ ಅಭಿನಂದನ ಸಮಿತಿಯ ಪ್ರಲ್ಹಾದ ಬಂದು, "ಬಾಯಾರ, ಫೋಟೋ ತಗಸೂದದ, ಬರ್ರಿ" ಎಂದು ಎಬ್ಬಿಸಿಕೊಂಡು ಹೊರಟ.

"ಇದೇನು ಲಗ್ನದ ಮನಿಯೇನೋ?" ಎಂದು ನಾನು ರೇಗಿದೆ.

"ನಿನ್ನ ನಿವೃತ್ತಿಗೆ ಶಾಲು ಬ್ಯಾಡೋ ಈರಣ್ಣ, ತಲಿ ಮ್ಯಾಲೆ ಬರ್ಫ ಇಡತೀವಿ" ಎಂದು ಅವನು ನಕ್ಕ.

ಆ ಸಿಟ್ಟಿನಲ್ಲಿ ಬಾಯಿಯವರ ರುಮಾಲನ್ನು ನಾನೇ ಬಿಗಿದೆ. ಪಕ್ಕಕ್ಕಿಟ್ಟಿದ್ದ ಹಾಳೆಯನ್ನು ಕೈಗಾಡಿಯ ಮೇಲಿದ್ದ ಇನ್ನಾವುದೋ ರುಮಾಲಿಗೆ ತುರುಕಿ, ಅದನ್ನೂ ಬಿಗಿದೆ.

ಸೋಮವಾರ ಹಾಳೆ ಇಲ್ಲ. ಉರ್ಸುಲಾ ಬುಧವಾರ ಊರಿಗೆ ಹೊರಡುವವರು. ನಿರ್ದೇಶಕರು ಬಾಯಿಯವರಿಂದ ಲಿಖಿತ ಹೇಳಿಕೆ ಕೇಳಿದರು. ರುಮಾಲು ಕಟ್ಟಿದವನು ನಾನೆಂಬುದನ್ನು ಮುಚ್ಚಿಟ್ಟೆ. ಅಷ್ಟೇ ಅಲ್ಲ, ಆ ಪರದೇಶದ ಅಜ್ಜಿಯೇ ಒಯ್ದಿರಬೇಕೆಂದೂ ಅಂದೆ. ಬಾಯಿಯವರು ಒಂದೇ ಸಾಲು ಬರೆದರು: "ಬಿಚ್ಚಿದವಳು ನಾನು, ಕಟ್ಟಬೇಕಾದವಳೂ ನಾನು, ಹೊಣೆ ನನ್ನದು." ಆ ಕಾಗದವನ್ನು ನಿರ್ದೇಶಕರಿಗೆ ಒಯ್ಯಬೇಕಾದವನು ನಾನು. ಮೆಟ್ಟಿಲ ಮೇಲೆ ಓದಿಕೊಂಡು, ತಿರುಗಿ ಬಂದೆ.

"ಬಾಯಾರ, ಕಟ್ಟಿದಾಂವ ನಾನು."

"ಗೊತ್ತದ. ಮುಂಜಾನೆ ಗಂಟು ಬಿಚ್ಚೂವಾಗನ ಗೊತ್ತಾತು. ಎಮ್ಮಿ ಕಟ್ಟಿಧಂಗ ಕಟ್ಟೀದಿ."

"ಮತ್ತ ನನ್ನ ಹೆಸರ್ಯಾಕ ಬರೀಲಿಲ್ರಿ?"

"ನೀನs ಹೇಳತೀ ಅಂತ ಕಾದೆ. ಭಾಳ ತಡಾ ಮಾಡಿದಿ. ನಡಿ, ಅಂಥಾದs ಇನ್ನೊಂದು ಗಂಟು ಹುಡುಕೂಣು."

ಶುಕ್ರವಾರ ಹೊರಬಂದಿದ್ದ ನಲವತ್ತೆರಡು ರುಮಾಲುಗಳ ಎಳೆ ಜಗ್ಗುತ್ತ ಹೋದೆವು. ಬಾಯಿಯವರು ಕಲಿಸಿದ ಸರಗಂಟುಗಳೆಲ್ಲ ಒಂದೇ ಎಳೆತಕ್ಕೆ ಬಿಚ್ಚಿಕೊಂಡವು. ಮೂವತ್ತೊಂದನೆಯದು ಜಪ್ಪಯ್ಯ ಎನ್ನಲಿಲ್ಲ. ಹಲ್ಲು ಹಚ್ಚಿ ಬಿಚ್ಚಿದೆ. ಒಳಗೆ ಹಾಳೆ ಇತ್ತು.

ಮಂಗಳವಾರ ಬಾಯಿಯವರು ಉರ್ಸುಲಾ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಅದನ್ನು ಪೂರ್ತಿ ಓದಿ ಹೇಳಿದರು. ಯೊಹಾನ್ ಜ್ವರದಿಂದ ದಂಡಿನ ಬಿಡಾರದಲ್ಲಿ ತೀರಿಕೊಂಡ. ಸಾಯುವ ಮೊದಲು ತಾಯಿಗೆ ಮೂರು ಸಲ ಕಾಗದ ಬರೆಸಿದ. ಆ ದೇಶಕ್ಕೆ ಒಯ್ಯುವವರು ಸಿಗಲಿಲ್ಲ. ನಾನು ಕೈಮುಗಿದು ನನ್ನ ತಪ್ಪು ಹೇಳಿದೆ. ಬಾಯಿಯವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಉರ್ಸುಲಾ ನನ್ನ ಕೈ ಹಿಡಿದುಕೊಂಡರು. ಬಾಯಿಯವರ ಹೇಳಿಕೆ ನಿರ್ದೇಶಕರ ಮೇಜನ್ನು ಮುಟ್ಟಲಿಲ್ಲ. ನಾನು ಬರೆದುಕೊಟ್ಟದ್ದು ಮುಟ್ಟಿತು.

ಕೊನೆಯ ದಿನವೂ ಬಾಯಿಯವರು ಒಂದು ರುಮಾಲು ಬಿಚ್ಚಿ ಓದುತ್ತ ಕೂತಿದ್ದರು. ಹಾರ, ಶಾಲು, ಭಾಷಣಗಳ ಗದ್ದಲದಲ್ಲಿ ಅದು ಹಾಗೆಯೇ ಉಳಿಯಿತು. ನಾನದನ್ನು ಕಟ್ಟಿಲ್ಲ, ಯಾರನ್ನೂ ಕಟ್ಟಗೊಟ್ಟಿಲ್ಲ. ಬಿಳಿ ಬಟ್ಟೆ ಹೊದಿಸಿ ಕಾಯುತ್ತಿದ್ದೇನೆ. ದೇವರು ಅವರಿಗೆ ಗಟ್ಟಿ ಕಣ್ಣು, ನೂರು ವರ್ಷದ ಆಯುಷ್ಯ ಕೊಡಲಿ. ಬಾಯಾರ, ಕಟ್ಟಳೆ ನಿಮ್ಮದೇ. ಬಿಚ್ಚಿದವರು ನೀವು, ಬರ್ರಿ.