ಸರ್ವಮಂಗಳಮ್ಮನ ಹದಿನಾರು ಸಾಲಿನ ಅಕ್ಷರ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಸರ್ವಮಂಗಳಮ್ಮ ಹೊಲಿದ ‘ಸುಸ್ವಾಗತ’ ಇಲ್ಲದ ಬಾಗಿಲು ಸಿಗಬೇಕಾದರೆ ಹುಡುಕಬೇಕು. ಮ್ಯಾಟಿ ಬಟ್ಟೆಯ ಚೌಕ ಎಣಿಸಿ ಎಣಿಸಿ ಕ್ರಾಸ್ ಸ್ಟಿಚ್ ಹಾಕುತ್ತಾ ಇಪ್ಪತ್ತು ವರ್ಷ ಕಳೆದವರು. ಮೊಮ್ಮಗಳಿಗೆ ತುತ್ತಿಡುವಾಗಲೂ ಬಾಯಲ್ಲಿ ಅದೇ: “ಮೂರು ಬಿಟ್ಟು ಎರಡು, ಎರಡು ಬಿಟ್ಟು ಒಂದು.” ಮಗು ಅದನ್ನೇ ಹಾಡು ಅಂದುಕೊಂಡು ಗುಳುಂ ಅಂತ ನುಂಗುತ್ತಿತ್ತು.

ತೊಂಬತ್ತೆಂಟರ ಒಂದು ಸೋಮವಾರ ಅವರ ಅಣ್ಣನ ಮಗ ಕೊಟ್ಟೂರೇಶ್ ಮುಖ ಇಳಿಬಿಟ್ಟುಕೊಂಡು ಬಂದ. ಪುಟ್ಟ ಪುಟ್ಟ ಕೆಂಪು ದೀಪ ಜೋಡಿಸಿ ಅಂಗಡಿಗಳಿಗೆ ಬೋರ್ಡ್ ಮಾಡಿಕೊಡುವ ಕೆಲಸ ಹೊಸದಾಗಿ ಹಿಡಿದಿದ್ದ. ಮೊದಲ ಆರ್ಡರ್ ಹರಿಹರದ ಅಮೀರ್ ಜಾನ್ ಅವರ ಜವಳಿ ಅಂಗಡಿಯದು. ಶುಕ್ರವಾರ ಅಂಗಡಿ ಶುರು.

“ಇಂಗ್ಲಿಷ್ ಅಕ್ಷರ ಕಂಪ್ಯೂಟರ್‌ನಾಗೇ ಐತೆ ಅತ್ತೆ. ಕನ್ನಡ ನಾನೇ ಚುಕ್ಕಿ ಇಟ್ಟು ಮಾಡಬೇಕು. ‘ವಸ್ತ್ರಾಲಯ’ ನೋಡು, ಜಿರಳೆ ತುಳಿದಂಗೈತೆ. ಇದು ಕೆಟ್ರೆ ಎರಡನೇ ಬೋರ್ಡ್ ಯಾರೂ ಕೇಳಂಗಿಲ್ಲ.”

“ಎಷ್ಟು ಸಾಲು ದೀಪ?”

“ಹದಿನಾರು.”

“ಅಷ್ಟೊಂದಾ! ನಾನು ಕರ್ಚೀಫಿನ ಮೂಲ್ಯಾಗೆ ಹನ್ನೆರಡರಲ್ಲಿ ಮುಗಿಸ್ತೀನಿ. ಮೇಲಿನ ಅಕ್ಷರ ಕುಳ್ಳ ಮಾಡೋ, ಕೆಳಗೆ ಒತ್ತು ಆರಾಮಾಗಿ ಕೂಡ್ರುತ್ತೆ.”

ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಗ್ರಾಫ್ ಹಾಳೆಯ ಚೌಕಗಳಲ್ಲಿ ಗುಣಾಕಾರದ ಗುರುತು ಹಾಕಿ ಅಂಗಡಿಯ ಹೆಸರು ಪೂರ್ತಿ ಬರೆದುಕೊಟ್ಟರು.

ಶುಕ್ರವಾರ ಹರಿಹರದಲ್ಲಿ, ಜೊತೆಗೆ ಬಂದಿದ್ದ ಅತ್ತೆಯ ಎದುರು ಕೊಟ್ಟೂರೇಶ್ ಸ್ವಿಚ್ ಒತ್ತಿದ. ಬೋರ್ಡೆಲ್ಲ ಕೆಂಡದಂತೆ ಧಗ್ಗೆಂದಿತು. ಅಕ್ಷರ ಇರಬೇಕಾದ ಕಡೆ ಬರೀ ಕಪ್ಪು.

“ಏನ್ರೀ ಇದು,” ಅಮೀರ್ ಜಾನ್ ಹೌಹಾರಿದರು, “ನನ್ನ ಹೆಸರನ್ನ ಇಲಿ ಕಡಿದಂಗೈತಲ್ರೀ!”

ಸರ್ವಮಂಗಳಮ್ಮ ಹುಡುಗನ ಕಿವಿಗೇ ಕೈ ಹಾಕಿದರು. “ಗುರುತು ಇದ್ದಲ್ಲಿ ಹೊಲಿಗೆ ಅಲ್ಲೇನೋ?”

“ಅಯ್ಯೋ ಅತ್ತೆ, ನಮ್ಮಲ್ಲಿ ಕೆಟ್ಟ ದೀಪಕ್ಕೆ ಆ ಗುರುತು ಹಾಕ್ತೀವಿ. ಅವನ್ನೆಲ್ಲ ಆರಿಸಿಬಿಟ್ಟೆ.”

ತಪ್ಪು ಹೊಲಿಗೆ ಬಿಚ್ಚುವುದೆಂದರೆ ಸರ್ವಮಂಗಳಮ್ಮನ ಲೆಕ್ಕದಲ್ಲಿ ಎರಡು ದಿನದ ಕೆಲಸ. “ಪೂರಾ ಬಿಚ್ಚಬೇಕೇನೋ?”

ಕೊಟ್ಟೂರೇಶ್ ಬೋರ್ಡಿಗೆ ಜೋಡಿಸಿದ್ದ ಕಂಪ್ಯೂಟರಿನ ಒಂದು ಕೀಲಿ ಒತ್ತಿದ. ಕೆಂಪೆಲ್ಲ ಆರಿ, ಕಪ್ಪಿದ್ದ ಕಡೆ ದೀಪ ಹೊತ್ತಿ, ‘ಅಮೀರ್ ಜಾನ್ ವಸ್ತ್ರಾಲಯ’ ಮೂಡಿತು. ಒತ್ತುಗಳು ತಾಯಿಯ ಸೆರಗು ಹಿಡಿದ ಮಕ್ಕಳ ಹಾಗೆ ಕೆಳಗೆ ಅಂಟಿಕೊಂಡು ನಿಂತಿದ್ದವು.

“ಒಂದೇ ಒತ್ತಿಗೆ!” ಸರ್ವಮಂಗಳಮ್ಮನಿಗೆ ಸಮಾಧಾನಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿ.

ರಸ್ತೆ ದಾಟಿ ಹೋಗಿ ಓದಿ ಬಂದ ಅಮೀರ್ ಜಾನ್ ಗಡ್ಡ ಕೆರೆದುಕೊಂಡರು. “ಅಮ್ಮಾರೆ, ಚಲೋ ಐತೆ. ಆದ್ರೆ ಆ ಮೊದಲಿನದು ಹೊತ್ತಿದಾಗ ಆ ಬದಿಯ ಜನ ಎಲ್ಲ ನಿಂತು ನೋಡಿದ್ರಂತೆ. ಒಮ್ಮೆ ಅದು, ಒಮ್ಮೆ ಇದು, ಹಂಗೆ ಬರೋದಾದ್ರೆ...”

ಅದೂ ಒಂದೇ ಕೀಲಿಯ ಕೆಲಸ.

ಊಟಕ್ಕೆ ಕೂರುವುದರೊಳಗೆ ಪಕ್ಕದ ಬಳೆ ಅಂಗಡಿಯ ಮಾಳಿಂಗಪ್ಪ ಬಂದು ನಿಂತ. “ನಂಗೂ ಒಂದು ಬೋರ್ಡ್ ಬೇಕ್ರಿ. ಆ ತಪ್ಪೂ ಸೇರಿಸೇ ಕೊಡ್ರಿ ಮತ್ತೆ, ಅದನ್ನ ಬಿಟ್ರೆ ಬ್ಯಾಡ.”

ದಾವಣಗೆರೆಗೆ ಮರಳುವ ಬಸ್ಸಿನಲ್ಲಿ ಕೊಟ್ಟೂರೇಶ್ ಕಿಟಕಿಗೆ ತಲೆಯಾನಿಸಿ ಹಾಯಾಗಿ ನಿದ್ದೆ ಹೋದ. ಸರ್ವಮಂಗಳಮ್ಮ ಚೀಲದಿಂದ ಗ್ರಾಫ್ ಹಾಳೆ ತೆಗೆದು, ಮಾಳಿಂಗಪ್ಪನ ‘ಮಾ’ದಿಂದ ಚೌಕ ಎಣಿಸಲು ಶುರು ಮಾಡಿದ್ದರು.